ಸ್ಲಾಕ್‌ವೇರ್ 3.0: ಮೋಡೆಮ್ ಉತ್ತರ ಕೊಡಲು ಇಷ್ಟು ತಡ ಯಾಕೆ?

ಪ್ರಶ್ನೆ:
ಹಳೆಯ 486 ಕಂಪ್ಯೂಟರ್‌ಗೆ ಸ್ಲಾಕ್‌ವೇರ್ 3.0 (ಲಿನಕ್ಸ್‌ನ ಒಂದು ವಿತರಣೆ) ಹಾಕಿದ್ದೇನೆ, ಕರ್ನಲ್ (ಲಿನಕ್ಸ್‌ನ ತಿರುಳು) 1.2.13. ಮೌಸ್ ಕಾಮ್1 ಸೀರಿಯಲ್ ಪೋರ್ಟ್‌ನಲ್ಲಿದೆ, ಐಎಸ್‌ಎ ಸ್ಲಾಟ್‌ನ ಮೋಡೆಮ್ ಕಾರ್ಡ್ ಕಾಮ್3ರಲ್ಲಿ. ಮೋಡೆಮ್ ಜೊತೆ ಮಾತಾಡುವ ಮಿನಿಕಾಮ್ ಪ್ರೋಗ್ರಾಂನಲ್ಲಿ ‘ಎಟಿಝಡ್’ (ಮೋಡೆಮ್ ರೀಸೆಟ್ ಆಜ್ಞೆ) ಅಂತ ಹೊಡೆದರೆ ಪರದೆ ಖಾಲಿ. ಕೆಲವು ಸೆಕೆಂಡ್ ಕಾದ ಮೇಲೆ ಹೊಡೆದ ಅಕ್ಷರ, ‘ಓಕೆ’ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ವೇಗವನ್ನು 9600ಕ್ಕೆ ಇಳಿಸಿದರೂ ಅದೇ ಕಥೆ. ಡಾಸ್‌ನಲ್ಲಿ ಇದೇ ಕಾರ್ಡ್ ಚೆನ್ನಾಗಿ ಓಡುತ್ತದೆ. ಎರಡು ದಿನದಿಂದ ಇದರಲ್ಲೇ ಕೂತಿದ್ದೇನೆ, ದಯವಿಟ್ಟು ದಾರಿ ತೋರಿಸಿ.

ಉತ್ತರ:
ಕಾರ್ಡ್ ಸರಿಯಾಗಿದೆ, ಚಿಂತೆ ಬೇಡ. ವೇಗವನ್ನೂ ಮುಟ್ಟಬೇಡಿ. ತಡವಾಗಿಯಾದರೂ ‘ಓಕೆ’ ಬರುತ್ತಿದೆ ಅಂದರೆ ಕಾಮ್3ರ ಪೋರ್ಟ್ ವಿಳಾಸ 0ಎಕ್ಸ್3ಇ8 ಸರಿ ಇದೆ. ತಪ್ಪಿರುವುದು ಐಆರ್‌ಕ್ಯು, ಅಂದರೆ ‘ನನ್ನ ಕಡೆ ನೋಡು’ ಅಂತ ಕಾರ್ಡ್ ಪ್ರೊಸೆಸರನ್ನು ಕರೆಯುವ ಸಂಕೇತದ ಸಂಖ್ಯೆ.

ಲಿನಕ್ಸ್ ಕಾಮ್3ರ ಐಆರ್‌ಕ್ಯು ಯಾವುದು ಅಂತ ತಾನಾಗಿ ಹುಡುಕುವುದಿಲ್ಲ. ಸುಮ್ನೆ 4 ಅಂದುಕೊಳ್ಳುತ್ತದೆ. ನಿಮ್ಮ ಮೌಸ್ ಇರುವ ಕಾಮ್1ಕ್ಕೂ ಅದೇ 4. ಡಾಸ್‌ನಲ್ಲಿ ಎರಡೂ ಜಗಳವಿಲ್ಲದೆ ನಡೆದಿವೆ ಅಂದರೆ ಯಾರೋ ಜಂಪರ್ (ಕಾರ್ಡ್ ಮೇಲೆ ಐಆರ್‌ಕ್ಯು ಆರಿಸುವ ಪುಟ್ಟ ಕ್ಲಿಪ್) ಬದಲಾಯಿಸಿರಬೇಕು, ಅಲ್ವಾ? ಮೋಡೆಮ್ ಬೇರೆ ಐಆರ್‌ಕ್ಯುನಲ್ಲಿ ಕೂಗುತ್ತಿದೆ, ಕರ್ನಲ್ 4ಕ್ಕೆ ಕಿವಿ ಕೊಟ್ಟು ಕೂತಿದೆ. ಡ್ರೈವರ್ ಆಗಾಗ ಒಮ್ಮೆ ತಾನೇ ಪೋರ್ಟ್ ಇಣುಕಿ ನೋಡುತ್ತದೆ. ಆಗ ಸೀರಿಯಲ್ ಪೋರ್ಟ್ ನಡೆಸುವ 16550ಎ ಚಿಪ್‌ನ 16 ಬೈಟ್ ಬಫರ್‌ನಲ್ಲಿ ಸೇರಿದ್ದೆಲ್ಲ ಒಂದೇ ಸಲ ಹೊರಗೆ ಬರುತ್ತದೆ. ನಿಮಗೆ ಕಾಣುತ್ತಿರುವುದು ಅದೇ.

ಕಾರ್ಡ್ ಹೊರಗೆ ತೆಗೆದು ಜಂಪರ್ ನೋಡಿ. 5 ಇದ್ದರೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಇದನ್ನು ಕೊಡಿ, ಇದರಲ್ಲಿ ಸಿಯುಎ2 ಅಂದರೆ ಕಾಮ್3:

ಸೆಟ್‌ಸೀರಿಯಲ್ /ಡೆವ್/ಸಿಯುಎ2 ಐಆರ್‌ಕ್ಯು 5

ಒಂದು ಮಾತು ನೆನಪಿರಲಿ. ಸೆಟ್‌ಸೀರಿಯಲ್ ಕಾರ್ಡನ್ನು ಬದಲಾಯಿಸುವುದಿಲ್ಲ, ಕಾರ್ಡ್ ಹೇಗಿದೆ ಅಂತ ಕರ್ನಲ್‌ಗೆ ಹೇಳುತ್ತದೆ ಅಷ್ಟೆ. ಜಂಪರ್ ನೋಡದೆ ಸಂಖ್ಯೆ ಊಹಿಸಬೇಡಿ. ಸೌಂಡ್ ಕಾರ್ಡ್ ಇದ್ದರೆ ಅದೂ 5 ಹಿಡಿದಿರಬಹುದು, ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ಟಾರ್ಚ್ ಹಿಡಿದು ನೋಡಿದೆ. ಧೂಳಿನ ಕೆಳಗೆ ಪುಟ್ಟ ಕಪ್ಪು ಜಂಪರ್, ನೀವು ಹೇಳಿದಂತೆ 5ರ ಮೇಲೇ ಇತ್ತು! ಸೌಂಡ್ ಕಾರ್ಡ್ ಇಲ್ಲ. ಈಗ ಎಂಟರ್ ಒತ್ತುವಷ್ಟರಲ್ಲಿ ‘ಓಕೆ’ ಬರುತ್ತದೆ. ತುಂಬಾ ಥ್ಯಾಂಕ್ಸ್. ಆದರೆ ರೀಬೂಟ್ ಮಾಡಿದರೆ ಮತ್ತೆ ಹಳೆಯ ಹಾಗೇ ಆಗುತ್ತದೆ.

ಉತ್ತರ:
ಹೌದು, ಅದು ಡಿಸ್ಕ್‌ನಲ್ಲಿ ಉಳಿಯುವುದಿಲ್ಲ. ಅದೇ ಸಾಲನ್ನು /ಇಟಿಸಿ/ಆರ್‌ಸಿ.ಡಿ/ಆರ್‌ಸಿ.ಸೀರಿಯಲ್ ಕಡತದಲ್ಲಿ ಸೇರಿಸಿ. ಬೂಟ್ ಆಗುವಾಗ ಆ ಕಡತ ಓಡುತ್ತಿದೆಯಾ ಅಂತಲೂ ನೋಡಿ. ಆ ಸಾಲಿನ ಕೊನೆಗೆ ಎಸ್‌ಪಿಡಿ_ವಿಎಚ್‌ಐ ಅಂತಲೂ ಹಾಕಿದರೆ, ಮಿನಿಕಾಮ್‌ನಲ್ಲಿ 38400 ಕೇಳಿದಾಗ ಪೋರ್ಟ್ 115200ರಲ್ಲಿ ಓಡುತ್ತದೆ. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಬಫರ್ ತುಂಬಿದಾಗ ಎದುರಿನವರಿಗೆ ‘ತಡೆ’ ಅನ್ನುವ ವ್ಯವಸ್ಥೆ) ಆನ್ ಇಡಿ, ಇಲ್ಲದಿದ್ದರೆ ಆ ವೇಗದಲ್ಲಿ ಅಕ್ಷರಗಳು ಕಳೆದುಹೋಗುತ್ತವೆ.