ಸಹಾಯ ಬೇಕು: ಸುದ್ದಿ ನೋಡಿ ಹೆದರುವ ಅಮ್ಮನಿಗೆ ಏನು ಓದಿ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಅಮ್ಮ ರಾತ್ರಿ ಜಪಸರ ಮುಗಿಸಿ ಟಿವಿ ಹಾಕುತ್ತಾರೆ. ಯುದ್ಧ, ಗುಡ್ಡ ಕುಸಿತ ನೋಡಿದರೆ ಆಮೇಲೆ ನಿದ್ದೆಯೇ ಇಲ್ಲ. ಸಾಲದ್ದಕ್ಕೆ ವಾಟ್ಸಾಪ್‌ನಲ್ಲಿ ಲೋಕ ಮುಗಿಯಿತು ಎನ್ನುವ ವಿಡಿಯೋಗಳು. ಯುದ್ಧದ ಸುದ್ದಿ ಕೇಳಿ ಕಳವಳಪಡಬೇಡಿ ಎಂದು ಬೈಬಲ್‌ನ ಮತ್ತಾಯ 24:6ರಲ್ಲಿ ಯೇಸುಸ್ವಾಮಿಯೇ ಹೇಳಿದ್ದಾರೆ ಅಲ್ವಾ? ಅದನ್ನು ಬಿಟ್ಟು ಸುಮ್ನೆ ಹೆದರಿಸುವುದು ಸರಿಯಲ್ಲ.

ಬೆಟ್ಟಗಳು ಸಮುದ್ರಕ್ಕೆ ಬಿದ್ದರೂ ಭಯವಿಲ್ಲ ಎನ್ನುವ 46ನೇ ಕೀರ್ತನೆ ಓದಿದೆ. ಅಮ್ಮ ಕನ್ನಡಕ ಏರಿಸಿ, ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿಸಿದರು. ಇಂಥ ಭಾಗಗಳು ಇನ್ನೂ ಬೇಕು. ಯೇಸುಸ್ವಾಮಿ ಬಿರುಗಾಳಿಯನ್ನು ಶಾಂತಗೊಳಿಸುವ ಮಾರ್ಕ 4ರ ಭಾಗ ಓದಿದ್ದಾಗಿದೆ.

ದಪ್ಪ ಅಕ್ಷರದ ಕನ್ನಡ ಕೀರ್ತನೆಗಳ ಪುಸ್ತಕ ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತದೆ? ಮಳೆಗಾಲದಲ್ಲಿ ಕರೆಂಟ್ ಹೋಗುವುದೇ ಜಾಸ್ತಿ, ಫೋನ್ ನೆಚ್ಚಿಕೊಳ್ಳಲಾಗದು. ದಯವಿಟ್ಟು ತಿಳಿಸಿ, ಅಮ್ಮನಿಗಾಗಿ ಪ್ರಾರ್ಥಿಸಿ.