ಸಹಾಯ ಬೇಕು: ಅಜ್ಜಿಯ ಕೌದಿಯನ್ನು ವಾಷಿಂಗ್ ಮಷಿನ್‌ಗೆ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿ ಹೊಲಿದ ಕೌದಿಯೊಂದು ನಮ್ಮ ಹತ್ತಿರ ಇದೆ. ಅಜ್ಜಿ ಈಗಿಲ್ಲ, ಇದು ಹಾಳಾದರೆ ಇಂಥದ್ದು ಇನ್ನೊಂದು ಸಿಗುವುದಿಲ್ಲ. ಊರಲ್ಲಿ ಹಳ್ಳಕ್ಕೆ ಒಯ್ದು ಒಗೆದು, ಬಂಡೆ ಮೇಲೆ ಹರವುತ್ತಿದ್ದರು. ಬೆಂಗಳೂರಿನ ಫ್ಲಾಟಿನಲ್ಲಿ ಅದು ಆಗದ ಮಾತು. ಬಕೆಟ್‌ನಲ್ಲಿ ನೆನೆಸಿದರೆ ನೀರು ಕುಡಿದು ಎತ್ತಲಾರದಷ್ಟು ಭಾರ ಆಗುತ್ತದೆ.

ಮೇಲೆ ಇಳಕಲ್ ಸೀರೆಯ ತುಂಡುಗಳು, ಒಳಗೆ ಹಳೆ ಧೋತರದ ಪದರಗಳು. ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ತೊಡಕು ಇರುವುದೇ ಇಲ್ಲಿ. ಹತ್ತಿಗೆ ಒಗ್ಗುವ ಸೋಪಿನ ಪುಡಿ ರೇಷ್ಮೆಗೆ ಆಗುವುದಿಲ್ಲ. ಅದರಲ್ಲಿರುವ ಕ್ಷಾರ ರೇಷ್ಮೆಯ ಎಳೆಯನ್ನೇ ಸವೆಸುತ್ತದೆ. ಒದ್ದೆ ಬಿಳಿ ಬಟ್ಟೆಯನ್ನು ಕೆಂಪು ಸೆರಗಿನ ಮೂಲೆಗೆ ಒತ್ತಿ ನೋಡಿದೆ, ತುಸು ಬಣ್ಣ ಹತ್ತಿತು. ಹೊಲಿಗೆಯೆಲ್ಲ ಕೈಯದ್ದು. ಒಂದು ಕಡೆ ದಾರ ಕಿತ್ತರೆ ಇಡೀ ಸಾಲು ಸಡಿಲ ಆಗುತ್ತದೆ, ಅಲ್ವಾ?

ನಮ್ಮದು 7 ಕೆಜಿಯ ಫ್ರಂಟ್ ಲೋಡ್ ಮಷಿನ್. ತಣ್ಣೀರು, ಡೆಲಿಕೇಟ್ ಪ್ರೋಗ್ರಾಂ, ರೇಷ್ಮೆಗೆ ಬಳಸುವ ಲಿಕ್ವಿಡ್ ಸೋಪು, ಸ್ಪಿನ್ 400 ಎಂದುಕೊಂಡಿದ್ದೇನೆ. ಡ್ರೈ ಕ್ಲೀನಿಂಗ್‌ಗೆ ಕೊಡಲು ಮನಸ್ಸಿಲ್ಲ. ಒಳಗಿನ ಪದರಗಳಲ್ಲಿ ಇಳಿದಿರುವ ಬೆವರು ನೀರಿಲ್ಲದೆ ಸರಿಯಾಗಿ ಹೋಗುವುದಿಲ್ಲ.

ಕೌದಿಯನ್ನು ಮಷಿನ್‌ಗೆ ಹಾಕಿ ಒಗೆದವರು ಯಾರಾದರೂ ಇದ್ದೀರಾ? ಹಳೆ ರಜಾಯಿ ಕವರಿನೊಳಗೆ ಹಾಕಿ ಬಾಯಿ ಕಟ್ಟಿದರೆ ಹೊಲಿಗೆ ಉಳಿಯುತ್ತದಾ? ಸ್ಪಿನ್ ಪೂರ್ತಿ ಬಿಟ್ಟುಬಿಡಬೇಕಾ? ಬಣ್ಣ ಪಕ್ಕದ ತುಂಡಿಗೆ ಹತ್ತದಂತೆ ಏನು ಮಾಡುತ್ತೀರಿ? ಉತ್ತರ ಕರ್ನಾಟಕದ ಅಕ್ಕಂದಿರು, ಅಮ್ಮಂದಿರು ದಯವಿಟ್ಟು ಹೇಳಿ. ಮಳೆ ಹಿಡಿಯುವ ಮುಂಚೆ ಒಗೆದು ಒಣಗಿಸಬೇಕು.