ರಜೆಯಲ್ಲಿ ಕಡಲತೀರದ ಕುದುರೆ ಸವಾರಿ: ಹೊಸಬರು ಮೊದಲು ನೋಡಬೇಕಾದದ್ದು ಏನು?

ಪ್ರಶ್ನೆ: ಮರಳುದಾರಿ

ಎಲ್ಲರಿಗೂ ನಮಸ್ಕಾರ. ಈ ಸಲದ ರಜೆಯನ್ನು ಉಷ್ಣವಲಯದ ಒಂದು ಕಡಲತೀರದಲ್ಲಿ ಕಳೆಯುವುದೆಂದು ನಮ್ಮ ಮನೆಯಲ್ಲಿ ನಿಶ್ಚಯವಾಗಿದೆ. ಅಲ್ಲಿ ಮಾರ್ಗದರ್ಶಕರ ಜೊತೆಯಲ್ಲಿ ತೀರದುದ್ದಕ್ಕೂ ಎರಡು ಗಂಟೆ ಕುದುರೆ ಸವಾರಿ ಮಾಡಿಸುತ್ತಾರೆಂದು ತಿಳಿದಾಗಿನಿಂದ ಹನ್ನೊಂದು ವರ್ಷದ ನಮ್ಮ ಮಗಳಿಗೆ ಬೇರೆ ಯಾವ ಮಾತೂ ರುಚಿಸುತ್ತಿಲ್ಲ. ನಮ್ಮಲ್ಲಿ ಯಾರೂ ಇದುವರೆಗೆ ಕುದುರೆ ಏರಿದವರಲ್ಲ. ನನ್ನ ತೂಕ ಎಂಬತ್ತೈದು ಕಿಲೋ. ನನ್ನ ಹೆಂಡತಿ ಮತ್ತು ಮಗಳು ಇಬ್ಬರೂ ಹಗುರವಾಗಿದ್ದಾರೆ.

ಸವಾರಿಯ ಚಿತ್ರಗಳೆಲ್ಲ ಬಹಳ ಸುಂದರವಾಗಿಯೇ ಇವೆ, ಆದರೆ ಚಿತ್ರದಲ್ಲಿ ಕಾಣದ ಎರಡು ವಿಷಯಗಳು ನನ್ನನ್ನು ಕಾಡುತ್ತಿವೆ. ಏನೂ ಗೊತ್ತಿಲ್ಲದ ನಮ್ಮಂಥವರಿಗೆ, ಅದರಲ್ಲೂ ಮಗುವಿಗೆ, ಇದು ಎಷ್ಟರಮಟ್ಟಿಗೆ ಸುರಕ್ಷಿತ ಎಂಬುದು ಒಂದು. ಆ ಸುಡುಬಿಸಿಲಿನಲ್ಲಿ ದಿನವಿಡೀ ಪ್ರವಾಸಿಗರನ್ನು ಹೊತ್ತು ಮರಳಿನಲ್ಲಿ ನಡೆಯುವ ಕುದುರೆಯ ಪಾಡೇನು ಎಂಬುದು ಇನ್ನೊಂದು. ಅಲ್ಲಿಗೆ ಹೋಗಿ ನಿಂತಾಗ, ಹಣ ಕೊಡುವುದಕ್ಕೆ ಮುಂಚೆ, ಸವಾರಿ ನಡೆಸುವವರು ಒಳ್ಳೆಯವರೋ ಅಲ್ಲವೋ ಎಂದು ನಮ್ಮ ಕಣ್ಣಿನಿಂದಲೇ ತಿಳಿದುಕೊಳ್ಳುವ ದಾರಿ ಇದೆಯೇ? ದಿನದ ಯಾವ ಹೊತ್ತು ಒಳ್ಳೆಯದು, ಯಾವ ಬಟ್ಟೆ ತೊಡಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಜೀನುಲಗಾಮು

ನಿಮ್ಮ ಎರಡು ಪ್ರಶ್ನೆಗಳೂ ವಾಸ್ತವದಲ್ಲಿ ಒಂದೇ ಪ್ರಶ್ನೆ. ನೋವಿಲ್ಲದ, ಹೊಟ್ಟೆ ತುಂಬಿದ, ದಣಿಯದ ಕುದುರೆ ಹೊಸ ಸವಾರನನ್ನು ತಾಳ್ಮೆಯಿಂದ ಹೊತ್ತುಕೊಂಡು ಹೋಗುತ್ತದೆ. ಬೆನ್ನು ಹುಣ್ಣಾದ ಕುದುರೆ ಎಷ್ಟೇ ಸಾಧುವಾಗಿದ್ದರೂ ಯಾವುದೋ ಒಂದು ಕ್ಷಣದಲ್ಲಿ ಬೆನ್ನನ್ನು ಕೊಡವಿಬಿಡುತ್ತದೆ. ಆದ್ದರಿಂದ ಫಲಕವನ್ನೂ ದರಪಟ್ಟಿಯನ್ನೂ ಓದುವ ಮೊದಲು ಕುದುರೆಗಳನ್ನು ಕಟ್ಟಿರುವ ಜಾಗಕ್ಕೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ನೋಡಲು ಬಿಡುವುದಿಲ್ಲ ಎನ್ನುವವರ ಬಳಿ ಸವಾರಿ ಮಾಡುವ ಅಗತ್ಯವೇ ಇಲ್ಲ.

ನೆರಳಿದೆಯೇ, ಕುಡಿಯಲು ಶುದ್ಧವಾದ ನೀರಿದೆಯೇ ಎಂಬುದು ಮೊದಲು ಕಣ್ಣಿಗೆ ಬೀಳಬೇಕು. ಆಮೇಲೆ ಮೈಕಟ್ಟು. ಆರೋಗ್ಯವಂತ ಕುದುರೆಯ ಪಕ್ಕೆಲುಬುಗಳು ಕೈಯಿಟ್ಟು ಸವರಿದರೆ ಸಿಗುತ್ತವೆ, ದೂರದಿಂದ ಎಣಿಸುವಂತೆ ಎದ್ದು ಕಾಣುವುದಿಲ್ಲ. ಸೊಂಟದ ಮೂಳೆ, ಬೆನ್ನುಮೂಳೆ ಚೂಪಾಗಿ ಮೇಲೆ ಬಂದಿದ್ದರೆ ಆ ಪ್ರಾಣಿಗೆ ತಿನ್ನಲು ಸಾಲದೆ ಬಂದಿದೆ, ಇಲ್ಲವೇ ಕಾಯಿಲೆಯಿದೆ. ಜೀನು ಹಾಕುವ ಮುನ್ನವೇ ತಲುಪಿದರೆ ಬೆನ್ನಿನ ಚರ್ಮವನ್ನೂ, ಮುಂಗಾಲಿನ ಹಿಂದೆ ಹೊಟ್ಟೆಪಟ್ಟಿ ಬಿಗಿಯುವ ಜಾಗವನ್ನೂ, ಕಡಿವಾಣ ಕೂರುವ ಬಾಯಿಯ ಮೂಲೆಗಳನ್ನೂ ನೋಡಿ. ಹಸಿ ಗಾಯ ಇದ್ದರೆ ಅಲ್ಲಿಗೆ ಮಾತು ಮುಗಿಯಿತು. ಕಂದು ಅಥವಾ ಕಪ್ಪು ಕುದುರೆಯ ಬೆನ್ನಿನ ಮೇಲೆ, ಜೀನು ಒತ್ತುವ ಸ್ಥಳದಲ್ಲಿ ಮಾತ್ರ, ಬಿಳಿ ಕೂದಲಿನ ಮಚ್ಚೆಗಳಿದ್ದರೆ ಹಿಂದೆ ಸರಿಹೊಂದದ ಜೀನು ಒತ್ತಿ ಚರ್ಮ ಗಾಸಿಯಾಗಿದ್ದರ ಗುರುತು ಅದು. ಹಳೆಯ ಗಾಯ ಹಿಂದಿನ ಒಡೆಯರ ಕಾಲದ್ದೂ ಆಗಿರಬಹುದು. ಹಾಗಾಗಿ ಒಂದೇ ಕುದುರೆಯಲ್ಲಿ ಕಂಡದ್ದನ್ನು ಹಿಡಿದು ತೀರ್ಪು ಕೊಡಬೇಡಿ. ಸಾಲಿನಲ್ಲಿರುವ ಎಲ್ಲ ಕುದುರೆಗಳಲ್ಲೂ ಅದೇ ಮಚ್ಚೆ ಕಂಡರೆ ಹಿಂದಿರುಗಿ.

ಕುಂಟುವ ಕುದುರೆಯನ್ನು ಗುರುತಿಸಲು ಅದರ ಕಾಲನ್ನಲ್ಲ, ತಲೆಯನ್ನು ನೋಡಬೇಕು. ಯಾರಾದರೂ ಅದನ್ನು ನೇರವಾಗಿ ನಡೆಸಿಕೊಂಡು ಬರುವಾಗ, ನೋವಿರುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೆ ಹೋಗುತ್ತದೆ, ಒಳ್ಳೆಯ ಕಾಲು ಊರಿದಾಗ ಕೆಳಗಿಳಿಯುತ್ತದೆ. ನಡಿಗೆಗಿಂತ ತುಸು ಬಿರುಸಾದ ಕುಕ್ಕುಲೋಟದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಒಮ್ಮೆ ತಿಳಿದುಕೊಂಡರೆ ಯಾವ ಹೊಸಬರಿಗೂ ಕಾಣುವಂಥದ್ದು ಇದು.

ಇನ್ನು ನಿಮ್ಮ ತೂಕದ ವಿಷಯ. ಜೀನು ಮೊದಲಾದ ಸಾಮಾನುಗಳೂ ಸೇರಿ, ಕುದುರೆ ಹೊರುವ ಭಾರ ಅದರ ಸ್ವಂತ ತೂಕದ ನೂರಕ್ಕೆ 20 ಭಾಗವನ್ನು ಮೀರಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. 2008ರಲ್ಲಿ ಪ್ರಕಟವಾದ, ಅಮೆರಿಕದ ಓಹಿಯೋದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಎಂಟು ಕುದುರೆಗಳ ಮೇಲೆ ಅವುಗಳ ತೂಕದ ನೂರಕ್ಕೆ 15, 20, 25 ಮತ್ತು 30ರಷ್ಟು ಭಾರ ಹೇರಿ ಸವಾರಿ ಮಾಡಿಸಿದ್ದರು. 25 ಮತ್ತು 30ಕ್ಕೆ ಬಂದಾಗ ಎದೆಬಡಿತ ಗಣನೀಯವಾಗಿ ಏರಿತು, ಸ್ನಾಯುಗಳ ನೋವೂ ಹೆಚ್ಚಾಗಿ ಕಂಡುಬಂತು. ನಿಮ್ಮ 85 ಕಿಲೋಗೆ ಜೀನಿನ 12 ಕಿಲೋ ಸೇರಿಸಿದರೆ 97 ಆಗುತ್ತದೆ. ಅಂದರೆ ನಿಮ್ಮನ್ನು ಹೊರುವ ಕುದುರೆ ಸುಮಾರು 485 ಕಿಲೋ ತೂಗಬೇಕು. ಕಡಲತೀರದ ಸವಾರಿಗೆ ಇಟ್ಟುಕೊಂಡಿರುವ ಎಷ್ಟೋ ಕುದುರೆಗಳು ಸಣ್ಣ ಗಾತ್ರದವು, 350 ಕಿಲೋದ ಆಸುಪಾಸಿನವು. ಅಂಥ ಕುದುರೆಗೆ 70 ಕಿಲೋ ಮಿತಿ, ಅದೂ ಜೀನು ಸೇರಿ. ಮುಂಗಡ ಕೊಡುವಾಗಲೇ ನಿಮ್ಮ ತೂಕವನ್ನು ಸರಿಯಾಗಿ ತಿಳಿಸಿ, ದೊಡ್ಡ ಕುದುರೆ ಇದೆಯೇ ಎಂದು ಕೇಳಿ. ತೂಕವನ್ನು ಅವರೇ ವಿಚಾರಿಸಿದರೆ ಅದು ಬಹಳ ಒಳ್ಳೆಯ ಲಕ್ಷಣ. ಎಷ್ಟಿದ್ದರೂ ನಡೆಯುತ್ತದೆ ಎಂದರೆ ಬೇರೆಯವರನ್ನು ಹುಡುಕಿ. ಸೂಕ್ತವಾದ ಕುದುರೆ ಸಿಗದೇ ಹೋದರೆ ಹೆಂಡತಿ ಮತ್ತು ಮಗಳು ಸವಾರಿ ಮಾಡಲಿ, ನೀವು ಪಕ್ಕದಲ್ಲಿ ನಡೆಯಿರಿ ಎಂದೇ ಹೇಳುತ್ತೇನೆ. ನಡಿಗೆಯ ವೇಗದ ಸವಾರಿಯಲ್ಲಿ ಅದು ಕಷ್ಟವೇನಲ್ಲ.

ಉತ್ತರ: ಉಬ್ಬರವಿಳಿತ

ಮೇಲಿನ ಉತ್ತರವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಹೊತ್ತು ಮತ್ತು ಮರಳಿನ ವಿಷಯ ಹೇಳುತ್ತೇನೆ, ಏಕೆಂದರೆ ಬೆಳಗ್ಗೆಯೋ ಸಂಜೆಯೋ ಎಂಬುದನ್ನು ಗಡಿಯಾರ ನೋಡಿ ಮಾತ್ರ ನಿರ್ಧರಿಸಲು ಬರುವುದಿಲ್ಲ; ಕಡಲನ್ನೂ ಕೇಳಬೇಕಾಗುತ್ತದೆ.

ಒಣ ಮರಳಿನಲ್ಲಿ ಗೊರಸು ಹೂತುಹೋಗುತ್ತದೆ, ಅದನ್ನು ಕಿತ್ತು ಮುಂದಿಡುವಾಗ ಕಾಲಿನ ಹಿಂಭಾಗದ ಸ್ನಾಯುರಜ್ಜುಗಳ ಮೇಲೆ ಎಳೆತ ಬೀಳುತ್ತದೆ. ಅಲೆ ಬಂದು ಹಿಂದೆ ಸರಿದ ಜಾಗದ ಒದ್ದೆ ಮರಳು ಗಟ್ಟಿಯಾಗಿ, ಸಮವಾಗಿ ಇರುತ್ತದೆ. ಒಳ್ಳೆಯ ಮಾರ್ಗದರ್ಶಕರು ಕುದುರೆಗಳನ್ನು ಈ ಒದ್ದೆ ಪಟ್ಟಿಯ ಮೇಲೆಯೇ ನಡೆಸುತ್ತಾರೆ. ಕಡಲು ಇಳಿದಾಗ ಈ ಪಟ್ಟಿ ಅಗಲವಾಗಿರುತ್ತದೆ, ಉಬ್ಬರ ಏರಿದಾಗ ಮಾಯವಾಗಿ ಸಾಲು ಮೇಲಿನ ಸಡಿಲ ಮರಳಿಗೋ ಬಂಡೆಗಳ ನಡುವಿಗೋ ಹೋಗಬೇಕಾಗುತ್ತದೆ. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ. ಹಾಗಾಗಿ ಇಳಿತದ ಹೊತ್ತು ದಿನದಿಂದ ದಿನಕ್ಕೆ 50 ನಿಮಿಷದಷ್ಟು ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಹತ್ತಿರ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ನೀವು ಉಳಿದುಕೊಳ್ಳುವ ದಿನಗಳ ಉಬ್ಬರವಿಳಿತದ ಪಟ್ಟಿಯನ್ನು ಮೊದಲೇ ನೋಡಿ, ಬೆಳಗಿನ ಅಥವಾ ಸಂಜೆಯ ತಂಪು ಹೊತ್ತು ಕಡಲಿನ ಇಳಿತದೊಡನೆ ಕೂಡಿಬರುವ ದಿನವನ್ನು ಆರಿಸಿಕೊಳ್ಳಿ. ಮಧ್ಯಾಹ್ನದ ಸವಾರಿ ಅಗ್ಗಕ್ಕೆ ಸಿಕ್ಕರೂ ಬೇಡ.

ಬಿಸಿಲಿಗಿಂತಲೂ ಉಷ್ಣವಲಯದ ತೇವವೇ ಕುದುರೆಗೆ ಹೆಚ್ಚು ಕಷ್ಟ. ಕುದುರೆ ನಮ್ಮಂತೆಯೇ ಬೆವರಿ ಮೈ ತಣಿಸಿಕೊಳ್ಳುವ ಪ್ರಾಣಿ, ಅದರ ಬೆವರಿನಲ್ಲಿ ಲವಣಗಳು ನಮ್ಮ ಬೆವರಿಗಿಂತ ಹೆಚ್ಚಾಗಿ ಹರಿದುಹೋಗುತ್ತವೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಮೈಯೂ ತಣಿಯುವುದಿಲ್ಲ. ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಹಿಂದಿನ ತಂಡವನ್ನು ಇಳಿಸಿ ಬಂದು ಬಹಳ ಹೊತ್ತಾದ ಮೇಲೂ ಮೂಗಿನ ಹೊಳ್ಳೆಗಳು ಅರಳಿ, ಪಕ್ಕೆ ಜೋರಾಗಿ ಏರಿಳಿಯುತ್ತಿದ್ದರೆ ಅದರ ಮೇಲೆ ಮತ್ತೊಬ್ಬರು ಕೂರುವಂತಿಲ್ಲ. ಒಂದು ಕುದುರೆ ದಿನಕ್ಕೆ ಎಷ್ಟು ಸುತ್ತು ಹೋಗುತ್ತದೆ, ವಾರದಲ್ಲಿ ಅದಕ್ಕೆ ಬಿಡುವಿದೆಯೇ ಎಂದು ನೇರವಾಗಿಯೇ ಕೇಳಿ. ಚೆನ್ನಾಗಿ ಸಾಕುವವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಪ್ರತಿ ಕುದುರೆಯ ಹೆಸರು, ಸ್ವಭಾವಗಳನ್ನೂ ಸೇರಿಸಿ ಹೇಳುತ್ತಾರೆ.

ಬಟ್ಟೆಯ ವಿಷಯ ಚಿಕ್ಕದು. ಉದ್ದನೆಯ ಪ್ಯಾಂಟ್ ಇಲ್ಲದಿದ್ದರೆ ರಿಕಾಪಿನ (ಜೀನಿನಿಂದ ಇಳಿಬಿದ್ದ, ಪಾದವಿಡುವ ಬಳೆಯ) ಚರ್ಮದ ಪಟ್ಟಿ ಮೀನಖಂಡವನ್ನು ಉಜ್ಜಿ ಸುಲಿಯುತ್ತದೆ. ಪಾದರಕ್ಷೆ ಮುಚ್ಚಿದ್ದಾಗಿ, ಸಣ್ಣ ಹಿಮ್ಮಡಿಯದ್ದಾಗಿರಬೇಕು, ಏಕೆಂದರೆ ಹಿಮ್ಮಡಿಯಿದ್ದರೆ ಪಾದ ರಿಕಾಪಿನೊಳಗೆ ತೂರಿ ಸಿಕ್ಕಿಕೊಳ್ಳುವುದಿಲ್ಲ. ಹವಾಯಿ ಚಪ್ಪಲಿಯಲ್ಲೇ ಹತ್ತಿಸಲು ಒಪ್ಪುವವರು ಉಳಿದ ವಿಷಯಗಳಲ್ಲೂ ಅಷ್ಟೇ ಸಡಿಲವಾಗಿರುತ್ತಾರೆ ಎಂದು ತಿಳಿಯಿರಿ.

ಮರಳುದಾರಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ತೂಕದ ಲೆಕ್ಕ ನನಗೆ ತಿಳಿದೇ ಇರಲಿಲ್ಲ. ದೊಡ್ಡ ಕುದುರೆ ಇದ್ದರೆ ಮಾತ್ರ ಏರುತ್ತೇನೆ. ಇನ್ನೊಂದು ವಿಷಯ ಉಳಿದಿದೆ. ಸವಾರಿಯ ಕೊನೆಯಲ್ಲಿ ಕುದುರೆಯನ್ನು ಕಡಲಿಗೆ ಇಳಿಸುತ್ತಾರಂತೆ, ಮಗಳ ಆಸೆಯೆಲ್ಲ ಅದರ ಮೇಲಿದೆ. ಜೊತೆಗೆ ತಾನು ನಾಗಾಲೋಟದಲ್ಲಿ ಓಡಿಸಬೇಕೆಂದೂ ಹೇಳುತ್ತಿದ್ದಾಳೆ. ಎರಡಕ್ಕೂ ಒಪ್ಪಬಹುದೇ?

ಉತ್ತರ: ಹಿಮ್ಮಡಿಕೆಳಗೆ

ಮಕ್ಕಳಿಗೆ ಸವಾರಿ ಕಲಿಸುವ ಕೆಲಸದಲ್ಲಿರುವ ಕಾರಣ ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ನಾಗಾಲೋಟ ಈ ಸಲ ಬೇಡ. ಅಗಲವಾದ ತೆರೆದ ಮರಳು ಕಂಡಾಗ ಕುದುರೆಗೂ ಓಡುವ ಉತ್ಸಾಹ ಬರುತ್ತದೆ, ಗುಂಪಿನಲ್ಲಿ ಒಂದು ಓಡಿದರೆ ಉಳಿದವೂ ಹಿಂಬಾಲಿಸುತ್ತವೆ, ಲಾಯದ ಕಡೆಗೆ ಮುಖ ತಿರುಗಿದ ಮೇಲಂತೂ ಅವುಗಳ ಹೆಜ್ಜೆ ತಾನಾಗಿಯೇ ಚುರುಕಾಗುತ್ತದೆ. ಇನ್ನೂ ಸಮತೋಲನ ಕಲಿಯದ ಮಗು ಹೆದರಿದಾಗ ಮಾಡುವುದು ಎರಡೇ ಕೆಲಸ, ಲಗಾಮನ್ನು ಜಗ್ಗುವುದು ಮತ್ತು ಕಾಲುಗಳಿಂದ ಹೊಟ್ಟೆಯನ್ನು ಅವುಚಿಕೊಳ್ಳುವುದು. ಮೊದಲನೆಯದು ಕುದುರೆಯ ಬಾಯಿಗೆ ನೋವು ಮಾಡುತ್ತದೆ, ಎರಡನೆಯದು ಅದಕ್ಕೆ ಇನ್ನೂ ಬೇಗ ಹೋಗು ಎಂಬ ಸೂಚನೆಯಾಗುತ್ತದೆ. ಮಗಳ ಕುದುರೆಯ ಹಗ್ಗವನ್ನು ಮಾರ್ಗದರ್ಶಕರೊಬ್ಬರು ಕೈಯಲ್ಲಿ ಹಿಡಿದೇ ನಡೆಸಲಿ. ಆಕೆಗೆ ಹೊರಡುವ ಮೊದಲೇ ಮೂರು ಮಾತು ಹೇಳಿಕೊಡಿ: ಹಿಮ್ಮಡಿ ಕೆಳಗಿರಲಿ, ದೃಷ್ಟಿ ಮುಂದಿರಲಿ, ಭಯವಾದರೆ ಲಗಾಮನ್ನಲ್ಲ, ಕುತ್ತಿಗೆಯ ಮೇಲಿನ ಕೂದಲನ್ನು ಹಿಡಿದುಕೊ.

ಹೆಲ್ಮೆಟ್ಟಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ಸೈಕಲ್ ಹೆಲ್ಮೆಟ್ ಇದಕ್ಕೆ ಸಾಲದು, ಕುದುರೆ ಸವಾರಿಗೆಂದೇ ತಯಾರಾದದ್ದು ಬೇಕು. ಒಳಗಿನ ಚೀಟಿಯಲ್ಲಿ ಎಎಸ್‌ಟಿಎಂ ಎಫ್1163ರಂಥ ಮಾನದಂಡದ ಗುರುತು ಇರುತ್ತದೆ, ಓದಿ ನೋಡಿ. ಪಟ್ಟಿ ಹಾಕಿ ತಲೆಯನ್ನು ಜೋರಾಗಿ ಅಲ್ಲಾಡಿಸಿದರೂ ಅದು ಜಾರಬಾರದು. ಮಕ್ಕಳ ಅಳತೆಯದು ಎಷ್ಟೋ ಕಡೆ ಇರುವುದಿಲ್ಲ, ಆದ್ದರಿಂದ ಬರೆದು ಕೇಳಿ ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಜೊತೆಯಲ್ಲೇ ಕೊಂಡೊಯ್ಯಿರಿ.

ಹತ್ತುವ ಮೊದಲು ಕುದುರೆಯನ್ನು ಹೇಗೆ ಸಮೀಪಿಸಬೇಕೆಂಬುದನ್ನೂ ಮಗಳಿಗೆ ತಿಳಿಸಬೇಕು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಹೆಚ್ಚು ಕಡಿಮೆ ಸುತ್ತಲೂ ಕಾಣುತ್ತದೆ; ಕಾಣದಿರುವುದು ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ. ಹೆಗಲ ಕಡೆಯಿಂದ, ಮೆಲ್ಲಗೆ ಮಾತನಾಡಿಸುತ್ತಾ ಹೋಗಲಿ. ಕಿವಿಗಳೆರಡೂ ಹಿಂದಕ್ಕೆ ಒತ್ತಿಕೊಂಡಿದ್ದರೆ ಅಲ್ಲೇ ನಿಲ್ಲಲಿ. ಸಾಲಿನಲ್ಲಿ ಹೋಗುವಾಗ ಮುಂದಿನ ಕುದುರೆಯಿಂದ ಕನಿಷ್ಠ ಒಂದು ಕುದುರೆಯ ಉದ್ದದ ಅಂತರ ಇರಬೇಕು, ಒದೆತ ಬೀಳುವುದು ಹೆಚ್ಚಾಗಿ ಅಂತರ ಮರೆತವರಿಗೆ. ಹೊರಟು ಕೆಲವು ನಿಮಿಷಗಳಾದ ಮೇಲೆ ಮಾರ್ಗದರ್ಶಕರು ನಿಂತು ಎಲ್ಲರ ಹೊಟ್ಟೆಪಟ್ಟಿಯನ್ನೂ ಮತ್ತೆ ಬಿಗಿಯುತ್ತಾರೆಯೇ ಎಂದು ಗಮನಿಸಿ. ಜೀನು ಹಾಕುವಾಗ ಹೊಟ್ಟೆ ಉಬ್ಬಿಸಿಕೊಳ್ಳುವ ಕುದುರೆಗಳಿರುತ್ತವೆ, ನಡೆಯುತ್ತಾ ಹೋದಂತೆ ಪಟ್ಟಿ ಸಡಿಲವಾಗಿ ಜೀನು ವಾಲುತ್ತದೆ. ತಾವಾಗಿಯೇ ನಿಂತು ಬಿಗಿಯುವವರನ್ನು ನಾನು ನಂಬುತ್ತೇನೆ.

ನೀರಿಗಿಳಿಯುವುದಕ್ಕೆ ನನ್ನ ವಿರೋಧವಿಲ್ಲ, ಆದರೆ ಮೊಣಕಾಲುದ್ದದ ಶಾಂತ ನೀರು ಸಾಕು. ನೀರಿನಲ್ಲಿ ನಿಂತ ಕುದುರೆ ಮುಂಗಾಲಿನಿಂದ ಪಟಪಟನೆ ನೀರನ್ನು ಕೆರೆಯತೊಡಗಿದರೆ ಮಕ್ಕಳು ಆಟವೆಂದು ನಗುತ್ತಾರೆ; ಎಷ್ಟೋ ಸಲ ಅದು ಹೊರಳಾಡಲು ಮಲಗುವ ಮುನ್ಸೂಚನೆ. ತಕ್ಷಣ ತಲೆ ಎತ್ತಿಸಿ ಮುಂದೆ ನಡೆಸಬೇಕು. ಹಿಂದೆ ಸರಿಯುವ ನೊರೆಯನ್ನೇ ನೋಡುತ್ತಾ ಕುಳಿತರೆ ಸವಾರರಿಗೆ ತಲೆ ತಿರುಗಿದಂತಾಗುತ್ತದೆ, ದೂರದ ದಿಗಂತವನ್ನು ನೋಡಲು ಹೇಳಿ. ಆಳದ ನೀರಿನಲ್ಲಿ ಕುದುರೆ ಈಜುವ ಸವಾರಿಗಳೂ ಇವೆ. ಅಲ್ಲಿ ಜೀನು ಇರಬಾರದು, ಸವಾರರಿಗೆ ಈಜು ಬರಬೇಕು, ಜೀವರಕ್ಷಕ ಜಾಕೆಟ್ ಇರಬೇಕು; ಮೊದಲ ಸಲದವರಿಗೆ ಅದು ತಕ್ಕದ್ದಲ್ಲ. ಸವಾರಿ ಮುಗಿದ ಮೇಲೆ ಕುದುರೆಯ ಮೈಯಿಂದ ಉಪ್ಪುನೀರನ್ನು ಸಿಹಿನೀರಿನಿಂದ ತೊಳೆಯುತ್ತಾರೆಯೇ ಎಂದೂ ನೋಡಿ. ಉಪ್ಪು ಒಣಗಿದ ಚರ್ಮದ ಮೇಲೆ ಜೀನು ಬಿದ್ದರೆ ಉಜ್ಜಿ ಹುಣ್ಣಾಗುತ್ತದೆ. ತೊಳೆಯಲು ಮಗಳನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದರೆ ಬಹಳಷ್ಟು ಕಡೆ ಸಂತೋಷದಿಂದ ಒಪ್ಪುತ್ತಾರೆ.

ಉತ್ತರ: ಉಬ್ಬರವಿಳಿತ

ಎರಡು ವಿಷಯ ಸೇರಿಸಬೇಕೆನಿಸಿತು. ಅನೇಕ ಪ್ರವಾಸ ವಿಮೆಗಳು ಕುದುರೆ ಸವಾರಿಯನ್ನು ಸಾಹಸಕ್ರೀಡೆಯ ಪಟ್ಟಿಗೆ ಸೇರಿಸಿ ಹೊರಗಿಡುತ್ತವೆ, ಅಥವಾ ಹೆಲ್ಮೆಟ್ ಧರಿಸಿದ್ದರೆ ಮಾತ್ರ ಒಪ್ಪುತ್ತವೆ. ಹೊರಡುವ ಮೊದಲೇ ನಿಮ್ಮ ಪಾಲಿಸಿಯ ಷರತ್ತುಗಳನ್ನು ಓದಿಕೊಳ್ಳಿ. ಅಲ್ಲಿ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವನ್ನೂ ನಿಧಾನವಾಗಿ ಓದಿ.

ಇನ್ನೊಂದು, ಉಷ್ಣವಲಯದ ಹಲವು ತೀರಗಳಲ್ಲಿ ಕಡಲಾಮೆಗಳು ಉಬ್ಬರದ ಗೆರೆಯ ಮೇಲಿನ ಒಣ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಗೊರಸಿನ ಭಾರಕ್ಕೆ ಆ ಮರಳು ಒತ್ತಿಕೊಂಡರೆ ಮರಿಗಳು ಮೇಲೆ ಬರಲಾರವು. ಆಮೆಗಳು ಬರುವ ತಿಂಗಳುಗಳಲ್ಲಿ ಹೋಗುವುದಾದರೆ ಸವಾರಿ ಒದ್ದೆ ಮರಳಿನ ಮೇಲೆಯೇ ನಡೆಯುತ್ತದೆಯೇ, ತೀರಕ್ಕೆ ಇಳಿಯಲು ಗೊತ್ತುಪಡಿಸಿದ ಒಂದೇ ದಾರಿ ಇದೆಯೇ ಎಂದು ಮುಂಗಡ ಕೊಡುವಾಗಲೇ ವಿಚಾರಿಸಿ.